ಒಂದು ಕುಣಿಮಗ್ಗದ ಮನೆಯನ್ನಾದರೂ ಉಳಿಸಿ



ನಮ್ಮ ಭಾಗದ ಪರಂಪರೆಯ ಮಾತು ಬಂದಾಗಲೆಲ್ಲ ಜಮಖಂಡಿಯ ಪಟವರ್ಧನರ ಅರಮನೆ, ಮುಧೋಳದ ರನ್ನ, ತೇರದಾಳದ ಗೊಂಕ ಜಿನಾಲಯ ಎನ್ನುವಷ್ಟಕ್ಕೆ ಪಟ್ಟಿ ಮುಗಿಯುತ್ತದೆ. ಅವೆಲ್ಲ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಬಕವಿ-ಬನಹಟ್ಟಿಯನ್ನು ಊರು ಮಾಡಿದ್ದು ಮಗ್ಗ. ಆ ಮಗ್ಗದ ಮನೆಗಳು ಯಾರ ಪಟ್ಟಿಯಲ್ಲೂ ಇಲ್ಲ. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ಮಗ್ಗದ ಕುಣಿಗೆ ಮಣ್ಣು ಬೀಳುತ್ತದೆ, ಮಗ್ಗದ ಕಟ್ಟಿಗೆ ಒಲೆಗೆ ಹೋಗುತ್ತದೆ.

ತೇರದಾಳದ ಮಾಂಡಲಿಕ ಗೊಂಕನ ಹೆಸರು, ಅವನು ಬಸದಿಗೆ ಕೊಟ್ಟ ದಾನ ಇಂದಿಗೂ ನಮಗೆ ಗೊತ್ತಿರುವುದು 12ನೇ ಶತಮಾನದ ಕಲ್ಬರಹದಿಂದ. ನೇಕಾರರಿಗೆ ಹಾಗೆ ಕಲ್ಲು ನಿಲ್ಲಿಸಿದವರಿಲ್ಲ. ಅವರ ಚರಿತ್ರೆ ಇರುವುದು ಅವರ ಮನೆಯಲ್ಲೇ. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ಕೂತು ತುಳಿಯುವ ಮಗ್ಗ. ನಮ್ಮ ಬಿರುಬಿಸಿಲಲ್ಲೂ ನೆಲದ ತಂಪಿಗೆ ನೂಲು ಹರಿಯದಿರಲೆಂದು ಹಿರಿಯರು ಕಂಡುಕೊಂಡ ಉಪಾಯವದು. ಪಕ್ಕದಲ್ಲಿ ಹೆಂಗಸರು ಕಂಡಿಕೆ ಸುತ್ತುವ ಜಾಗ. ಹೊರಗೆ ಹಾಸು ನೂಲನ್ನು ಚಾಚಿ ಗಂಜಿ ಹಚ್ಚಲು ಓಣಿ. ಈ ಮಗ್ಗದಲ್ಲಿ ನೇಯುವ ಇಳಕಲ್ ಸೀರೆಯ ಒಡಲಿನ ಹಾಸು ನೂಲಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದನ್ನು ಪುಸ್ತಕ ಓದಿ ಕಲಿಯಲಾಗದು, ಬಲ್ಲವರ ಬಳಿ ಕೂತೇ ಕಲಿಯಬೇಕು.

ಇಂಥ ಮನೆಯನ್ನು ಉಳಿಸಿದ ಉದಾಹರಣೆಯೂ ಇದೆ: ಸ್ಕಾಟ್ಲೆಂಡಿನ ಕಿಲ್‌ಬಾರ್ಕನ್ ಎಂಬ ಊರಲ್ಲಿ 1723ರಲ್ಲಿ ಕಟ್ಟಿದ ನೇಕಾರನ ಮನೆಯೊಂದನ್ನು ಅಲ್ಲಿಯ ನ್ಯಾಷನಲ್ ಟ್ರಸ್ಟ್ ಕಾಪಾಡಿಕೊಂಡು ಬಂದಿದೆ. ಕೈಮಗ್ಗದ ಕಾಲ ಮುಗಿದ ಊರದು. ನಮ್ಮಲ್ಲಿ ಕೈಮಗ್ಗ ಬಲ್ಲ ಹಿರಿಯರು ಇನ್ನೂ ಕಣ್ಣೆದುರಿಗಿದ್ದಾರೆ. 2015ರಿಂದ ಪ್ರತಿ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಆಚರಿಸುತ್ತೇವೆ. ನೇಕಾರರಿಗೆ ಶಾಲು ಹೊದಿಸುತ್ತೇವೆ, ಭಾಷಣ ಮಾಡುತ್ತೇವೆ. ಮಾರನೆಯ ದಿನ ಅವರ ಮಗ್ಗ ಏನಾಯಿತೆಂದು ಕೇಳುವವರಿಲ್ಲ.

ಕೂಲಿಯೇ ಸಾಲದವರಿಗೆ ವಸ್ತುಸಂಗ್ರಹಾಲಯ ಯಾಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಸೋರುವ ಮನೆಯಲ್ಲೇ ಇರಿ ಎಂದು ಯಾವ ನೇಕಾರನಿಗೂ ಹೇಳುವ ಹಕ್ಕು ನಮಗಿಲ್ಲ. ಅದಕ್ಕೇ ನಾನು ಕೇಳುವುದಿಷ್ಟು: ನಗರಸಭೆಯೂ ಕೈಮಗ್ಗ ಮತ್ತು ಜವಳಿ ಇಲಾಖೆಯೂ ಕೂಡಿ, ಮಾರಲು ಒಪ್ಪುವ ಒಂದು ಮನೆತನದಿಂದ ಹಳೆಯ ಮನೆಯೊಂದನ್ನು ಯೋಗ್ಯ ಬೆಲೆಗೆ ಕೊಳ್ಳಲಿ. ಮಗ್ಗ ಅಲ್ಲೇ ಇರಲಿ. ಗಾಜಿನ ಪೆಟ್ಟಿಗೆ, ಸಿಮೆಂಟಿನ ನೇಕಾರನ ಮೂರ್ತಿ ಬೇಡ. ದಿನವೂ ನೇಯಲು ಇಬ್ಬರು ಅನುಭವಿಗಳನ್ನು ಸರಿಯಾದ ಸಂಬಳಕ್ಕೆ ನೇಮಿಸಲಿ, ಅವರ ಕೈಕೆಳಗೆ ಕಲಿಯುವ ಹುಡುಗರಿಗೂ ಶಿಷ್ಯವೇತನ ಸಿಗಲಿ. ಅಲ್ಲಿ ನೇಯ್ದ ಸೀರೆ ಅಲ್ಲೇ ಮಾರಾಟವಾಗಲಿ.

ಅದಕ್ಕೂ ಮೊದಲು ರಬಕವಿ, ಬನಹಟ್ಟಿ, ರಾಮಪುರ, ಹೊಸೂರಿನ ಓಣಿಗಳಲ್ಲಿ ಇನ್ನೂ ಎಷ್ಟು ಕುಣಿಮಗ್ಗಗಳಿವೆ ಎಂದು ಎಣಿಸಿ, ಫೋಟೊ ತೆಗೆದು, ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೇ ಮಾಡಬಲ್ಲರು. ಮನೆ ಕೊಳ್ಳುವ ವಿಷಯವನ್ನು ನಗರಸಭೆ ಬರುವ ಬಜೆಟ್ ಸಭೆಯಲ್ಲೇ ಚರ್ಚೆಗೆ ತರಬೇಕೆಂದು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

ನೇಕಾರ ಮನೆತನದ ಓದುಗ,
ಬನಹಟ್ಟಿ