ಮುಗಿಯದೆ ಮುಗಿಯುವ ಹಾಡು

ಯಾವ ಕೆಲಸವನ್ನಾದರೂ ಆರಂಭಿಸುವುದು ಸುಲಭ, ಅಂದವಾಗಿ ಮುಗಿಸುವುದು ಕಷ್ಟ. ಈ ಮಾತಿಗೆ ಕಾಲೇಜಿನ ಸಭೆಗಳಲ್ಲಿ ನಾವು ಕೇಳುವ ಭಾಷಣಗಳೇ ಸಾಕಾದಷ್ಟು ನಿದರ್ಶನ. “ಕೊನೆಯದಾಗಿ ಒಂದು ಮಾತು” ಎಂದ ಮೇಲೂ ಅರ್ಧ ಗಂಟೆ ಮಾತನಾಡಬಲ್ಲ ಮಹನೀಯರನ್ನು ಕಾಣದವರಾರು? ಆದರೂ ಭಾಷಣಕ್ಕೆ ವಂದನಾರ್ಪಣೆಯೆಂಬ ತಡೆಯುಂಟು, ನಾಟಕಕ್ಕೆ ತೆರೆಯುಂಟು, ಸಂಗೀತ ಕಚೇರಿಗೆ ಮಂಗಳವುಂಟು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಬೆಳೆದ ಪಾಪ್ ಹಾಡು ಮಾತ್ರ ಮುಕ್ತಾಯದ ಈ ತೊಡಕಿಗೆ ಒಂದು ವಿಚಿತ್ರವಾದ ಪರಿಹಾರವನ್ನು ಕಂಡುಕೊಂಡಿತು. ಅದು ಯಾವುದೆಂದರೆ, ಹಾಡನ್ನು ಮುಗಿಸದೆಯೇ ಬಿಡುವುದು! ಗಾಯಕ ಹಾಡುತ್ತಲೇ ಇರುತ್ತಾನೆ, ಡ್ರಮ್ಮು ಬಡಿಯುತ್ತಲೇ ಇರುತ್ತದೆ. ಧ್ವನಿ ಮಾತ್ರ ಮೆಲ್ಲಮೆಲ್ಲನೆ ಸಣ್ಣದಾಗುತ್ತ ಹೋಗಿ ಕಡೆಗೆ ಕಿವಿಗೆ ಸಿಕ್ಕದಂತಾಗುತ್ತದೆ. ಇದಕ್ಕೆ ಫೇಡ್-ಔಟ್ ಎಂದು ಹೆಸರು. ಕನ್ನಡದಲ್ಲಿ ನಾವಿದನ್ನು ಕರಗುವ ಮುಕ್ತಾಯ ಎನ್ನಬಹುದು.

ಈ ಮುಕ್ತಾಯದ ಮೇಲೆ ಸಂಗೀತವನ್ನು ಬಲ್ಲವರಲ್ಲಿ ಹಲವರಿಗೆ ತಾತ್ಸಾರ. ಹಾಡನ್ನು ಹೇಗೆ ನಿಲ್ಲಿಸಬೇಕೆಂದು ತೋಚದವನ ಉಪಾಯ ಇದೆಂದು ಅವರು ಹೇಳುತ್ತಾರೆ. 1960ರಿಂದ 1990ರವರೆಗೆ ಎಲ್ಲೆಲ್ಲೂ ಕೇಳಿಬರುತ್ತಿದ್ದ ಇದು ಈಚಿನ ಹೆಸರಾಂತ ಪಾಪ್ ಹಾಡುಗಳಲ್ಲಿ ಅಪರೂಪವಾಗಿದೆ. ಅದು ಹೋದರೆ ಹೋಗಲಿ, ನಷ್ಟವೇನು ಎನ್ನುವವರೂ ಉಂಟು. ನನ್ನ ಅಭಿಪ್ರಾಯ ಬೇರೆ. ಕರಗುವ ಮುಕ್ತಾಯ ಒಂದು ನಿಜವಾದ ಕಲೆ; ಧ್ವನಿಮುದ್ರಣವೊಂದೇ ನೀಡಬಲ್ಲ ಕಲೆ. ಅದು ಮರೆಯಾಗುತ್ತಿರುವುದಕ್ಕಿಂತಲೂ ಅದು ಮರೆಯಾಗುತ್ತಿರುವ ಕಾರಣವೇ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಬೇಕು.

ಧ್ವನಿ ದೂರಕ್ಕೆ ಸರಿದು ಇಲ್ಲವಾಗಬೇಕೆಂಬ ಆಸೆ ಯಂತ್ರಗಳಿಗಿಂತ ಹಳೆಯದು. ಆಸ್ಟ್ರಿಯದ ವಾಗ್ಗೇಯಕಾರ ಹೈಡನ್ 1772ರಲ್ಲಿ ರಚಿಸಿದ ‘ವಿದಾಯ’ ಸಿಂಫನಿಯ ಕೊನೆಯಲ್ಲಿ ವಾದ್ಯಗಾರರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿ, ತಮ್ಮ ಮುಂದಿನ ದೀಪವನ್ನು ಆರಿಸಿ ಎದ್ದುಹೋಗುತ್ತಾರೆ. ಕಡೆಗೆ ಉಳಿಯುವುದು ಎರಡು ಪಿಟೀಲುಗಳು. ಬೇಸಗೆಯ ಅರಮನೆಯಲ್ಲಿ ಬಹುಕಾಲ ತಮ್ಮನ್ನು ಹಿಡಿದಿಟ್ಟಿದ್ದ ಒಡೆಯನಿಗೆ, ಊರಿಗೆ ಹೋಗಲು ಅಪ್ಪಣೆ ಕೊಡಿ ಎಂದು ಕಲಾವಿದರು ಈ ರೀತಿ ಸೂಚಿಸಿದರೆಂದು ಕಥೆಯಿದೆ. ಇಂಗ್ಲೆಂಡಿನ ಹೋಲ್‌ಸ್ಟ್ ಎಂಬುವನು ತನ್ನ ‘ಗ್ರಹಗಳು’ ಎಂಬ ಕೃತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. 1918ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಬಂದ ಈ ಕೃತಿಯ ಕೊನೆಯ ಭಾಗ ನೆಪ್ಚೂನ್. ಅದರಲ್ಲಿ ಹಾಡುವ ಹೆಂಗಸರ ಮೇಳ ವೇದಿಕೆಯ ಮೇಲೆ ಇರುವುದಿಲ್ಲ, ಪಕ್ಕದ ಕೋಣೆಯಲ್ಲಿರುತ್ತದೆ. ಕಡೆಯ ಸ್ವರಗಳನ್ನು ಮತ್ತೆ ಮತ್ತೆ ಹಾಡುತ್ತಿರುವಾಗ ಆ ಕೋಣೆಯ ಬಾಗಿಲನ್ನು ಸದ್ದಿಲ್ಲದೆ, ನಿಧಾನವಾಗಿ ಮುಚ್ಚಬೇಕು. ಧ್ವನಿ ದೂರದಲ್ಲಿ ಇಲ್ಲವಾಗುವವರೆಗೂ ಹಾಡಬೇಕು. ಒಬ್ಬ ಬಾಗಿಲು ಕಾಯುವವನ ಕೈಚಳಕವೂ ಸಂಗೀತದ ಒಂದು ಅಂಗವಾದುದನ್ನು ಇಲ್ಲಿ ಗಮನಿಸಬೇಕು. ಮುಂದೆ ಬಂದ ಧ್ವನಿಯಂತ್ರದ ಕೆಲಸಗಾರ ಇದೇ ಬಾಗಿಲು ಕಾಯುವವನ ವಂಶದವನು.

ಆದರೆ ಧ್ವನಿಮುದ್ರಣದ ಮೊದಲ ದಿನಗಳಲ್ಲಿ ಇಂತಹ ಸೌಕರ್ಯಕ್ಕೆ ಎಡೆಯಿರಲಿಲ್ಲ. ಆಗ ಗಾಯಕರು ದೊಡ್ಡದೊಂದು ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಎರಡು ಮೂರು ನಿಮಿಷದ ಹಾಡು ಮಾತ್ರ. ಕಾಲ ಮೀರುವುದರೊಳಗೆ ಹಾಡು ಮುಗಿಯಲೇಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೋಹರ್ ಜಾನ್ ತನ್ನ ತಟ್ಟೆಗಳ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರ್ ನಗರದಲ್ಲಿ. ಯಾರ ಹಾಡು ಎಂಬುದು ಅಲ್ಲಿನವರಿಗೆ ತಿಳಿಯಬೇಕಷ್ಟೆ! ಈ ಗೋಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳ ತಟ್ಟೆಗಳ ಮುಕ್ತಾಯ ಕಾಗದದ ಕೆಳಗೆ ಮಾಡಿದ ರುಜುವಿನಂತೆ. “ಹಾಡಿದವಳು ನಾನು, ಹಾಡು ಇಲ್ಲಿಗೆ ಮುಗಿಯಿತು” ಎಂದು ಅದು ಸಾರುತ್ತದೆ. ಕರಗುವ ಮುಕ್ತಾಯ ಇದಕ್ಕೆ ನೇರವಾಗಿ ವಿರುದ್ಧ. ಅದರಲ್ಲಿ ರುಜುವಿಲ್ಲ.

1925ರ ಸುಮಾರಿಗೆ ಮೈಕ್ರೊಫೋನು ಮತ್ತು ವಿದ್ಯುತ್ತಿನಿಂದ ನಡೆಯುವ ಮುದ್ರಣ ಬಂದವು. 1940ರ ದಶಕದ ಕೊನೆಗೆ ಕಾಂತೀಯ ಟೇಪು ಬಂದಿತು. ಆಮೇಲೆ ಮೂರು ನಿಮಿಷದ ಹಾಡಿಗಾಗಿ ಐದು ನಿಮಿಷ ನುಡಿಸಿ, ಬೇಕಾದಲ್ಲಿ ಧ್ವನಿಯನ್ನು ತಗ್ಗಿಸಿಬಿಡುವುದು ಸಾಧ್ಯವಾಯಿತು. ಇದರಿಂದ ರೇಡಿಯೋದವರಿಗೂ ಅನುಕೂಲವಾಯಿತೆಂಬುದನ್ನು ಒಪ್ಪಬೇಕು. ಹಾಡು ಕರಗುತ್ತಿರುವಾಗಲೇ ನಿರೂಪಕ ಅದರ ಮೇಲೆ ಮಾತನಾಡಬಹುದು, ಮುಂದಿನ ಹಾಡನ್ನು ಹಚ್ಚಬಹುದು. ಹೀಗೆ ಈ ಕಲೆ ಹುಟ್ಟಿದುದು ಅರ್ಧ ಅನುಕೂಲದಿಂದ. ಆದರೆ ಅನುಕೂಲದಿಂದ ಹುಟ್ಟಿದುದೆಲ್ಲ ಕೀಳೆಂದರೆ ಕಲೆಯಲ್ಲಿ ಉಳಿಯುವುದು ಅತ್ಯಲ್ಪ.

ಹಾಡನ್ನು ಕರಗಿಸುವುದು ಕೇಳಿದಷ್ಟು ಸುಲಭವೂ ಅಲ್ಲ. ಧ್ವನಿಯಂತ್ರದ ಮುಂದೆ ಕುಳಿತವನು ಒಂದು ಸಣ್ಣ ಹಿಡಿಯನ್ನು ಹತ್ತೋ ಇಪ್ಪತ್ತೋ ಸೆಕೆಂಡುಗಳ ಕಾಲ ಕೆಳಗೆ ಸರಿಸುತ್ತಾನೆ, ನಿಜ. ಆದರೆ ಬೇಗ ಸರಿಸಿದರೆ ಬಾಗಿಲು ಹಾಕಿ ಅಟ್ಟಿದಂತಾಗುತ್ತದೆ. ತಡಮಾಡಿದರೆ ಹೊಸ್ತಿಲಲ್ಲಿ ನಿಂತು ಮಾತು ಮುಂದುವರಿಸುವ ಅತಿಥಿಯಂತಾಗುತ್ತದೆ. ನಮ್ಮ ಕಿವಿ ಧ್ವನಿಯ ಏರಿಳಿತವನ್ನು ಅಳತೆಗೋಲಿನಂತೆ ಸಮನಾಗಿ ಗ್ರಹಿಸುವುದಿಲ್ಲ. ಆದುದರಿಂದ ಇಳಿತ ಸಹಜವಾಗಿ ಕೇಳಬೇಕಾದರೆ ಕೈ ಒಂದೇ ವೇಗದಲ್ಲಿ ಚಲಿಸಿದರೆ ಸಾಲದು, ಹಾಡಿನ ಲಯವನ್ನು ತಿಳಿದಿರಬೇಕು. ಯಾವ ಪದ ಕಡೆಯದಾಗಿ ಕೇಳಬೇಕು, ಯಾವುದು ಕೇಳಿಯೂ ಕೇಳದಂತಿರಬೇಕು ಎಂಬ ವಿವೇಕ ಬೇಕು. ಇನ್ನೊಂದು ಸ್ವಾರಸ್ಯವುಂಟು. ಕರಗುವ ಹಾಡಿನ ಕೊನೆಯ ಸ್ವರ ಎಲ್ಲರಿಗೂ ಒಂದೇ ಅಲ್ಲ. ಗದ್ದಲದ ಬೀದಿಯಲ್ಲಿ ಕೇಳುವವನಿಗೆ ಅದು ಬೇಗ ಮುಗಿಯುತ್ತದೆ. ನಡುರಾತ್ರಿಯ ನಿಶ್ಶಬ್ದದಲ್ಲಿ ಕೇಳುವವನಿಗೆ ಇನ್ನೂ ನಾಲ್ಕು ಸ್ವರ ಹೆಚ್ಚಾಗಿ ದೊರೆಯುತ್ತವೆ. ಹಾಡು ಎಲ್ಲಿ ಮುಗಿಯಬೇಕೆಂಬ ನಿರ್ಣಯದಲ್ಲಿ ಕೇಳುಗನಿಗೂ ಪಾಲು ಕೊಡುವ ಮುಕ್ತಾಯ ಬೇರಾವುದಿದೆ?

ನನ್ನ ವಾದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮೊದಲನೆಯದು ಬೀಟಲ್ಸ್ ತಂಡದ ‘ಹೇ ಜೂಡ್’. 1968ರಲ್ಲಿ ಹೊರಬಂದ ಈ ಹಾಡು ಏಳು ನಿಮಿಷಕ್ಕೂ ಹೆಚ್ಚಿನದು; ಆ ಕಾಲದ ರೇಡಿಯೋ ಹಾಡುಗಳ ಎರಡರಷ್ಟು. ಹಾಡಿನ ಸಾಹಿತ್ಯ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ನಾಲ್ಕು ನಿಮಿಷವೂ ಅರ್ಥವಿಲ್ಲದ ಅಕ್ಷರಗಳ ಒಂದೇ ಪಲುಕು ಮತ್ತೆ ಮತ್ತೆ ಬರುತ್ತದೆ. ಅದಕ್ಕಾಗಿ ಕರೆಸಿದ್ದ ವಾದ್ಯವೃಂದದ ಕಲಾವಿದರಲ್ಲಿಯೂ ಅನೇಕರು ಚಪ್ಪಾಳೆ ತಟ್ಟಿ ದನಿಗೂಡಿಸಿದ್ದಾರೆ. ದುಃಖದಲ್ಲಿರುವ ಒಬ್ಬನಿಗೆ ಇನ್ನೊಬ್ಬ ಹೇಳುವ ಸಮಾಧಾನದಿಂದ ಹಾಡು ಮೊದಲಾಗುತ್ತದೆ. ಬರಬರುತ್ತ ಅದು ಒಂದು ದೊಡ್ಡ ಗುಂಪಿನ ಹಾಡಾಗುತ್ತದೆ. ಗುಂಪಿಗೆ ಕೊನೆಯ ಸ್ವರವೆಲ್ಲಿ? ಜಾತ್ರೆ ಮುಗಿಯುವುದಿಲ್ಲ, ನಾವು ಜಾತ್ರೆಯಿಂದ ದೂರ ಬರುತ್ತೇವೆ. ಆ ಹಾಡು ಒಂದು ಗಟ್ಟಿಯಾದ ಹೊಡೆತದಿಂದ ಥಟ್ಟನೆ ನಿಂತಿದ್ದರೆ ಸಮಾಧಾನವೂ ಅಲ್ಲಿಗೇ ನಿಂತಂತಾಗುತ್ತಿತ್ತು.

ಎರಡನೆಯದು ಅಮೆರಿಕದ ನೀಗ್ರೋ ಗಾಯಕ ಓಟಿಸ್ ರೆಡಿಂಗನ ‘ಡಾಕ್ ಆಫ್ ದ ಬೇ’. ಜಾರ್ಜಿಯದ ಮನೆಯನ್ನು ಬಿಟ್ಟು ಬಂದವನೊಬ್ಬ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಟ್ಟೆಯ ಮೇಲೆ ಕುಳಿತು ಬಂದುಹೋಗುವ ಹಡಗುಗಳನ್ನು ನೋಡುತ್ತ ಹೊತ್ತು ಕಳೆಯುವುದು ಅದರ ವಸ್ತು. ಹಾಡಿನ ಕೊನೆಯಲ್ಲಿ ಮಾತು ನಿಂತು ಗಾಯಕ ಸಿಳ್ಳು ಹಾಕತೊಡಗುತ್ತಾನೆ. ಆ ಸಿಳ್ಳು ಅಲೆಗಳ ಸದ್ದಿನೊಡನೆ ಕರಗಿಹೋಗುತ್ತದೆ. ಈ ಹಾಡಿನ ಮುದ್ರಣ ನಡೆದುದು 1967ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ಡಿಸೆಂಬರ್ 10ರಂದು ರೆಡಿಂಗನ ವಿಮಾನ ವಿಸ್ಕಾನ್ಸಿನ್ ಸಂಸ್ಥಾನದ ಒಂದು ಸರೋವರಕ್ಕೆ ಬಿದ್ದು ಅವನು ಮಡಿದನು. ಆಗ ಅವನ ವಯಸ್ಸು 26. ಅಲೆಗಳ ಹಾಗೂ ಕಡಲಹಕ್ಕಿಗಳ ಸದ್ದನ್ನು ಕೂಡಿಸಿ ಹಾಡನ್ನು ಸಿದ್ಧಗೊಳಿಸಿದವನು ಜೊತೆಗಾರನಾದ ಸ್ಟೀವ್ ಕ್ರಾಪರ್. 1968ರ ಜನವರಿಯಲ್ಲಿ ಹಾಡು ಹೊರಬಂದಿತು. ಮಾರ್ಚಿಯಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕೇಳುವವರಿಗೆಲ್ಲ ಗಾಯಕ ಇಲ್ಲವೆಂಬುದು ಗೊತ್ತಿತ್ತು. ಹಾಡಿನೊಳಗೆ ಮಾತ್ರ ಅವನು ಕಟ್ಟೆಯ ಮೇಲೆ ಕುಳಿತು ಸಿಳ್ಳು ಹಾಕುತ್ತಲೇ ಇದ್ದಾನೆ. ನಮಗೆ ಕೇಳಿಸದಷ್ಟು ದೂರಕ್ಕೆ ಹೋಗಿದ್ದಾನೆ, ಅಷ್ಟೆ. ಈ ಮುಕ್ತಾಯವನ್ನು ಸೋಮಾರಿತನವೆನ್ನಲು ಯಾರಿಗೆ ಮನಸ್ಸು ಬಂದೀತು?

ಥಟ್ಟನೆ ನಿಲ್ಲುವ ಮುಕ್ತಾಯಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅದೇ ಬೀಟಲ್ಸರ 1967ರ ‘ಎ ಡೇ ಇನ್ ದ ಲೈಫ್’ ಹಾಡು ಹಲವು ಪಿಯಾನೋಗಳ ಮೇಲೆ ಒಟ್ಟಿಗೆ ಬಾರಿಸಿದ ಒಂದು ಭಾರಿ ಸ್ವರಮೇಳದಿಂದ ಮುಗಿಯುತ್ತದೆ. ಆ ನಾದ ತಾನಾಗಿಯೇ ಅಡಗಲು ನಲವತ್ತು ಸೆಕೆಂಡಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಲ್ಲಿ ಯಂತ್ರದವನು ಮಾಡಿದುದು ತಿರುಗುಮುರುಗಾದ ಕೆಲಸ: ನಾದ ಇಳಿದಂತೆಲ್ಲ ಅವನು ಹಿಡಿಯನ್ನು ಮೇಲೆ ಮೇಲೆ ಏರಿಸಿದನು. ಕಡೆಕಡೆಗೆ ಕುರ್ಚಿಯ ಕಿರುಗುಟ್ಟುವಿಕೆ ಕೂಡ ಕೇಳಿಬರುತ್ತದೆ. ಅದು ಮರಣದಂತಹ ಮುಕ್ತಾಯ. ಹೇಳಬೇಕಾದುದನ್ನು ಹೇಳಿ ಮುಗಿಸಿದ ಹಾಡಿಗೆ ಅದೇ ತಕ್ಕದ್ದು. ಮರಣ ಬೇರೆ, ಅಗಲಿಕೆ ಬೇರೆ. ಎರಡಕ್ಕೂ ಒಂದೇ ಮುಕ್ತಾಯವನ್ನು ಹೊಂದಿಸಲಾಗದು. ಕರಗುವ ಮುಕ್ತಾಯವನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಹಾಡಿನ ವಸ್ತು ಮುಂದುವರಿಯುವಂತಹುದೇ? ಹೌದಾದರೆ ಕರಗುವುದು ಸತ್ಯ. ಅಲ್ಲವಾದರೆ ಅದು ಬರಿಯ ಜಾರಿಕೊಳ್ಳುವಿಕೆ. ಹೀಗೆ ಜಾರಿಕೊಂಡ ಹಾಡುಗಳು ನೂರಾರು ಇವೆ. ತಾತ್ಸಾರ ಮಾಡುವವರ ಮಾತು ಅವುಗಳ ಮಟ್ಟಿಗೆ ನಿಜ.

ಹಾಡು ಮುಂದುವರಿಯುತ್ತದೆಂಬುದು ಬರಿಯ ಕವಿಕಲ್ಪನೆಯೂ ಅಲ್ಲ. 2010ರ ನಂತರದ ವರ್ಷಗಳಲ್ಲಿ ಹಾನೋವರಿನ ಸಂಗೀತ ವಿದ್ಯಾಲಯದ ಸಂಶೋಧಕರು ಒಂದೇ ಹಾಡಿನ ಎರಡು ರೂಪಗಳನ್ನು ಕೇಳಿಸಿ, ಕೇಳುಗರು ಬೆರಳಿನಿಂದ ತಾಳ ತಟ್ಟುವಂತೆ ಮಾಡಿದರು. ಒಂದು ರೂಪ ಥಟ್ಟನೆ ನಿಲ್ಲುವಂಥದು, ಇನ್ನೊಂದು ಕರಗುವಂಥದು. ಥಟ್ಟನೆ ನಿಲ್ಲುವ ಹಾಡಿಗೆ ತಟ್ಟುತ್ತಿದ್ದವರು ಹಾಡು ಮುಗಿಯುವುದಕ್ಕೆ ಮುಂಚೆಯೇ ಕೈ ನಿಲ್ಲಿಸಿದರು. ಕರಗುವ ಹಾಡಿಗೆ ತಟ್ಟುತ್ತಿದ್ದವರು ಧ್ವನಿ ಅಡಗಿದ ಮೇಲೂ ಸುಮಾರು ಒಂದು ಸೆಕೆಂಡು ತಟ್ಟುತ್ತಿದ್ದರು. ಒಂದು ಸೆಕೆಂಡು ಅಲ್ಪವೆನ್ನಬೇಡಿ. ಆ ಹೊತ್ತಿನಲ್ಲಿ ಹಾಡು ಯಂತ್ರದಲ್ಲಿರಲಿಲ್ಲ, ಕೇಳುಗನಲ್ಲಿತ್ತು.

ಹೀಗಿರಲು ಈ ಕಲೆ ಏಕೆ ಮರೆಯಾಗುತ್ತಿದೆ? ಅಭಿರುಚಿ ಬದಲಾದುದು ಒಂದು ಕಾರಣ. ಹಾಡುಗಾರರು ಧ್ವನಿಮುದ್ರಣಕ್ಕಿಂತ ವೇದಿಕೆಯನ್ನು ನೆಚ್ಚುವುದು ಇನ್ನೊಂದಾಗಿರಬಹುದು. ವೇದಿಕೆಯ ಮೇಲೆ ಹಾಡನ್ನು ಕರಗಿಸುವುದು ಕಷ್ಟ, ಹೇಗಾದರೂ ನಿಲ್ಲಿಸಲೇಬೇಕು. ಆದರೆ ಮುಖ್ಯವಾದ ಕಾರಣ ನಮ್ಮ ಬೆರಳ ತುದಿಯಲ್ಲಿದೆಯೆಂದು ನನಗೆ ತೋರುತ್ತದೆ. ಈಗ ಹಾಡು ಮೊಬೈಲಿನಲ್ಲಿ ಬರುತ್ತದೆ. ಮುಂದಿನ ಹಾಡಿಗೆ ಹೋಗಲು ಒಂದು ತಟ್ಟು ಸಾಕು. ಸ್ಪಾಟಿಫೈಯಂತಹ ಸೇವೆಯಲ್ಲಿ ಹಾಡು 30 ಸೆಕೆಂಡು ನುಡಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಲೆಕ್ಕಕ್ಕೆ ಬೇಕಾದುದು ಹಾಡಿನ ತಲೆ. ಬಾಲ ಯಾರಿಗೂ ಬೇಡ. ಧ್ವನಿ ತಗ್ಗತೊಡಗಿದೊಡನೆಯೇ “ಇದು ಮುಗಿಯಿತು” ಎಂದು ತಿಳಿದು ನಾವು ಬೆರಳು ಚಾಚುತ್ತೇವೆ. ಕೇಳುವವರಿಲ್ಲದ ಇಪ್ಪತ್ತು ಸೆಕೆಂಡುಗಳಿಗೆ ಯಾರು ತಾನೆ ಶ್ರಮಪಟ್ಟಾರು?

ಇದು ಹಾಡಿಗೆ ಮಾತ್ರ ಸೇರಿದ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮುಗಿಯುವುದಕ್ಕೆ ಮುಂಚೆ ಏಳುವ ಅಭ್ಯಾಸ ಒಂದು ಕಡೆ ಬಂದರೆ ಎಲ್ಲ ಕಡೆಗೂ ಹರಡುತ್ತದೆ. ಪಾಠದ ಕೊನೆಯ ಐದು ನಿಮಿಷದಲ್ಲಿ ಪುಸ್ತಕಗಳನ್ನು ಮುಚ್ಚುವ ಸದ್ದಾಗುತ್ತದೆ. ವೃದ್ಧರು ಮಾತನಾಡುತ್ತಿರುವಾಗ ನಮ್ಮ ಕಣ್ಣು ಬಾಗಿಲ ಕಡೆಗೆ ಹೋಗುತ್ತದೆ. ಮನುಷ್ಯರು ಕೂಡ ಬಹುಮಟ್ಟಿಗೆ ಥಟ್ಟನೆ ನಿಲ್ಲುವುದಿಲ್ಲ, ಮೆಲ್ಲಮೆಲ್ಲನೆ ಕ್ಷೀಣಿಸುತ್ತಾರೆ. ಅವರ ಧ್ವನಿ ತಗ್ಗಿದಾಗ ಇನ್ನಷ್ಟು ಹತ್ತಿರ ಸರಿದು ಕೇಳಬೇಕೇ ಹೊರತು “ಇನ್ನೇನಿದೆ” ಎಂದು ಏಳಬಾರದು. ಕರಗುವ ಹಾಡು ನಮಗೆ ಕಲಿಸುತ್ತಿದ್ದುದು ಈ ಶಿಸ್ತನ್ನೇ.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ಮೇಲೆ ಹೇಳಿದ ಎರಡು ಹಾಡುಗಳನ್ನು ಒಮ್ಮೆ ದೀಪ ಆರಿಸಿ, ಸದ್ದಡಗಿದ ಮೇಲೆ ಕೇಳಿರಿ. ಧ್ವನಿ ತಗ್ಗತೊಡಗಿದಾಗ ಕೈಯನ್ನು ಮೊಬೈಲಿನಿಂದ ದೂರವಿಡಿರಿ. ಕೊನೆಯ ಸ್ವರ ಎಲ್ಲಿ ಮುಗಿಯಿತೆಂದು ನಿಮ್ಮನಿಮ್ಮಲ್ಲಿ ಚರ್ಚಿಸಿರಿ. ನಿಮ್ಮಲ್ಲಿ ಒಮ್ಮತ ಮೂಡಲಾರದು. ಆ ಭಿನ್ನಾಭಿಪ್ರಾಯವೇ ಈ ಕಲೆಯ ಗೆಲವು.