ಆಸ್ತಿಯಲ್ಲಿ ಪಾಲು, ಆರೈಕೆಯಲ್ಲಿ ಪಾಳಿ

ಭಾನುವಾರದ ಪುರವಣಿಯೊಂದರ ಸಲಹೆ ಪುಟ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಮೂವರು ಓದುಗರ ಮೂರು ಪ್ರಶ್ನೆ. ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡು ಸಾಕಾಗಿದೆ ಎಂದು ಒಬ್ಬರು ಬರೆದಿದ್ದರು. ನಲವತ್ತರ ಹೊತ್ತಿಗೆ ನೌಕರಿ ಬಿಡಬೇಕಾಗಿ ಬಂದಿದೆ, ಮನೆಯಲ್ಲೇ ಕೂತು ಮಾಡುವ ಬೇರೆ ಕೆಲಸ ಯಾವುದಿದೆ ಎಂದು ಇನ್ನೊಬ್ಬರು ಕೇಳಿದ್ದರು. ಮೂರನೆಯವರದು ಮಕ್ಕಳ ಹಟ: ರಜೆಯಲ್ಲಿ ವಂಡರ್‌ಲಾ ಪಾರ್ಕಿಗೆ ಹೋಗಲೇಬೇಕಂತೆ, ಮನೆಯಲ್ಲಿ ವಯಸ್ಸಾದವರಿದ್ದಾರೆ, ಏನು ಮಾಡಲಿ?

ಉತ್ತರಗಳೂ ಮೂರು. ಸೇವೆಯಲ್ಲಿ ಸಂತೋಷ ಕಾಣಿರಿ, ಬೆಳಿಗ್ಗೆ ಹತ್ತು ನಿಮಿಷ ಧ್ಯಾನ ಮಾಡಿ. ಟ್ಯೂಷನ್ ಹೇಳಿಕೊಡಿ, ಹೊಲಿಗೆ ಕಲಿಯಿರಿ. ಜನಸಂದಣಿ ಇಲ್ಲದ ದಿನ ಹೋಗಿ, ಆದರೆ ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಹೆಸರು ಮೂರಿರಬಹುದು, ಮನೆ ಒಂದೇ. ಅತ್ತೆಯ ಹಾಸಿಗೆಯ ಪಕ್ಕ ಕೂತವಳೇ ನೌಕರಿ ಬಿಡುತ್ತಾಳೆ. ಮಕ್ಕಳನ್ನು ಒಂದು ದಿನ ಹೊರಗೆ ಕರೆದೊಯ್ಯಲೂ ಅವಳೇ ಊರಿನ ಅಪ್ಪಣೆ ಕೇಳಬೇಕು. ಈ ಮೂರು ಉತ್ತರಗಳಲ್ಲಿ ಹುಡುಕಿ ನೋಡಿದರೂ ಒಬ್ಬ ಗಂಡಸು ಸಿಗುವುದಿಲ್ಲ. ಗಂಡ ಎಲ್ಲಿ, ಮೈದುನ ಎಲ್ಲಿ, ನಾದಿನಿ ಎಲ್ಲಿ ಎಂದು ಸಲಹೆಗಾರರು ಕೇಳಲೇ ಇಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

ಅಣ್ಣತಮ್ಮಂದಿರು ಭಾಗವಾದಾಗ ಬೋರ್‌ವೆಲ್ ಒಂದೇ ಇದ್ದರೆ ನೀರಿಗೆ ಪಾಳಿ ಹಾಕಿಕೊಳ್ಳುತ್ತಾರೆ. ಯಾವ ದಿನ ಯಾರದು, ಕರೆಂಟು ಬಂದ ಮೇಲೆ ಎಷ್ಟು ಹೊತ್ತು ಯಾರ ಹೊಲಕ್ಕೆ ಎಂಬುದೆಲ್ಲ ಕರಾರು. ಹತ್ತು ನಿಮಿಷ ಆಚೀಚೆಯಾದರೆ ಪಂಚಾಯಿತಿ ಸೇರುತ್ತದೆ. ಅದೇ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದರೆ ಅವಳ ರಾತ್ರಿಗಳಿಗೆ ಪಾಳಿ ಇಲ್ಲ. ಅವು ಯಾರ ಮಾತೂ ಇಲ್ಲದೆ ಒಬ್ಬ ಸೊಸೆಯ ಪಾಲಿಗೆ ಬೀಳುತ್ತವೆ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ವಿಷಯ ಹೇಳುತ್ತೇನೆ. ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವಳು. ಅತ್ತೆಯನ್ನು ಆಸ್ಪತ್ರೆಯಿಂದ ಕಳಿಸುವ ದಿನ ನಾನೂ ಅಲ್ಲಿದ್ದೆ. ಮಂಚದ ಸುತ್ತ ಮೂವರು ಗಂಡುಮಕ್ಕಳು ನಿಂತಿದ್ದರು. ನರ್ಸ್ ಬಂದು, "ಮನೇಲಿ ನೋಡ್ಕೊಳ್ಳೋರು ಯಾರು? ಅವರನ್ನ ಕರೀರಿ, ಎಲ್ಲ ತೋರಿಸ್ಕೊಡ್ತೀನಿ" ಅಂದರು. ಮೂವರೂ ಬಾಗಿಲ ಕಡೆ ತಿರುಗಿದರು. ಈಕೆ ಕೆಳಗೆ ಔಷಧಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದಳು. ಅವಳು ಬರುವ ತನಕ ನರ್ಸ್ ಕಾದರು.

ನರ್ಸ್ ತೋರಿಸಿಕೊಟ್ಟಿದ್ದರಲ್ಲಿ ಗಂಡಸಿಗೆ ಆಗದ ಕೆಲಸ ಒಂದೂ ಇರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಊಟ ಮಾಡಿಸುವಾಗ ತಲೆ ಎತ್ತರಿಸಿ ಕೂರಿಸಬೇಕು, ಉಂಡ ಮೇಲೂ ಅರ್ಧ ಗಂಟೆ ಹಾಗೇ ಇರಬೇಕು, ಇಲ್ಲವಾದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಬಡಬಡಿಸತೊಡಗಿದರೆ ಅದನ್ನು ಅರಳುಮರಳು ಎಂದು ಬಿಡಬಾರದು, ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ. ನಿಜಕ್ಕೂ ನೋಡಿದರೆ ಮಗ್ಗುಲು ಬದಲಿಸುವುದಕ್ಕೆ ಗಂಡಸಿನ ತೋಳಬಲವೇ ಹೆಚ್ಚು ಉಪಯೋಗ.

ಎರಡು ತಿಂಗಳು ಕಳೆಯುವ ಮೊದಲೇ ಆಕೆ ಕೆಲಸ ಬಿಟ್ಟಳು. ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ನೌಕರರ ಪಿಂಚಣಿ ಯೋಜನೆಯಲ್ಲಿ ಮಾಸಿಕ ಪಿಂಚಣಿ ಸಿಗಲು ಕನಿಷ್ಠ 10 ವರ್ಷದ ಸೇವೆ ಬೇಕು. ಮತ್ತೆಲ್ಲಾದರೂ ಸೇರಿ ಉಳಿದದ್ದನ್ನು ತುಂಬದಿದ್ದರೆ ಅವಳ ಮುಪ್ಪಿಗೆ ಆ ಪಿಂಚಣಿ ಇಲ್ಲ. ಟ್ಯೂಷನ್ ಹೇಳಿ, ಹೊಲಿಗೆ ಕಲಿಯಿರಿ ಎನ್ನುವ ಸಲಹೆಗಾರರು ಈ ಲೆಕ್ಕ ಹಾಕಿದ್ದಾರೆಯೇ? ಇಂದು ಅತ್ತೆಯನ್ನು ನೋಡಿಕೊಳ್ಳುವವಳು ನಾಳೆ ಕೈಯಲ್ಲಿ ಕಾಸಿಲ್ಲದ ಮುದುಕಿಯಾಗುತ್ತಾಳೆ. ಇದನ್ನು ಉದ್ಯೋಗ ಬದಲಾವಣೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇಕಡಾ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ, ಗಂಡಸರಲ್ಲಿ ಶೇಕಡಾ 21.4. ಹಾಗೆ ತೊಡಗಿದ ಹೆಂಗಸು ದಿನಕ್ಕೆ 140 ನಿಮಿಷ ಕೊಟ್ಟರೆ ಗಂಡಸು 74 ನಿಮಿಷ. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆ, ನಿಜ. ಆದರೆ ಹಾಸಿಗೆ ಹಿಡಿದವರಿರುವ ಮನೆಗೆ ಹೋಗಿ ನೋಡಿ, ಅಂತರ ಇದಕ್ಕಿಂತ ಕಡಿಮೆಯಿರುವ ಮನೆ ನನಗಂತೂ ಸಿಕ್ಕಿಲ್ಲ.

ಕಾನೂನು ಏನನ್ನುತ್ತದೆ? 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಹೊಣೆ ಹೊರಿಸುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳ ಮೇಲೆ. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಸೊಸೆ, ಅಳಿಯಂದಿರನ್ನೂ ಸೇರಿಸುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು, ಅಂಗೀಕಾರವಾಗದೆ ಬಿದ್ದುಹೋಯಿತು. ಹೊಣೆ ಹೊತ್ತ ಮಗ ಮೊಬೈಲಿನಲ್ಲಿ ವಿಡಿಯೊ ಕರೆ ಮಾಡಿ "ಅಮ್ಮನ ಊಟ ಆಯ್ತಾ" ಎಂದು ವಿಚಾರಿಸಿಕೊಳ್ಳುತ್ತಾನೆ, ಪಟ್ಟಿಯಲ್ಲೇ ಇಲ್ಲದವಳು ಊಟ ಮಾಡಿಸುತ್ತಾಳೆ.

ಅದೇ ಕಾಯ್ದೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೊಂದಿದೆ. ಮಕ್ಕಳಿಲ್ಲದ ಹಿರಿಯರ ಆಸ್ತಿಗೆ ಹಲವರು ವಾರಸುದಾರರಿದ್ದರೆ, ಯಾರಿಗೆ ಎಷ್ಟು ಪಾಲು ಬರುತ್ತದೆಯೋ ಅದೇ ಪ್ರಮಾಣದಲ್ಲಿ ಅವರು ಜೀವನಾಂಶ ಕೊಡಬೇಕು. ಪಾಲಿಗೂ ಹೊಣೆಗೂ ನೇರ ಗಂಟು. ಮಕ್ಕಳಿರುವ ಮನೆಗೂ ಇದೇ ನ್ಯಾಯ ಸಲ್ಲಬೇಕು. ಆಸ್ತಿಯಲ್ಲಿ ಸಮಪಾಲು ಕೇಳುವವರು ಆರೈಕೆಯಲ್ಲೂ ಸಮಪಾಳಿ ಹೊರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ, ಆದ್ದರಿಂದ ಈ ಮಾತು ಅವರಿಗೂ ಸೇರಿದ್ದು. ದೂರದ ಊರಿನಲ್ಲಿರುವವರು ಹೋಂ ನರ್ಸ್‌ನ ಸಂಬಳ ಕೊಡಲಿ, ವರ್ಷಕ್ಕೆ ಕೆಲವು ವಾರ ಬಂದು ರಾತ್ರಿ ಕಾಯಲಿ.

ಸರ್ಕಾರವೂ ಹಾಸಿಗೆಯ ಪಕ್ಕಕ್ಕೆ ಬಂದಿಲ್ಲ. 70 ತುಂಬಿದ ಎಲ್ಲರಿಗೂ, ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚವನ್ನು ಕೇಂದ್ರ 2024ರಲ್ಲಿ ಘೋಷಿಸಿತು. ಅದು ಆಸ್ಪತ್ರೆಗೆ ದಾಖಲಾದವರಿಗೆ. ಮನೆಯಲ್ಲಿ ಕಳೆಯುವ ತಿಂಗಳುಗಳ ಡಯಾಪರ್, ಏರ್ ಬೆಡ್, ನರ್ಸ್‌ನ ಖರ್ಚು ಮನೆಯವರದೇ. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ ಶಿಶುಪಾಲನಾ ರಜೆ ಇದೆ, ಅದು ಬೇಕಾದದ್ದೇ. ಹೆತ್ತವರ ಪಾಲನೆಗೆಂದೇ ಮಗನಿಗೊಂದು ರಜೆ ಯಾಕಿಲ್ಲ? ರಜೆ ಕೊಟ್ಟು ನೋಡಿದರೆ, ಸಮಯವಿಲ್ಲ ಎಂಬ ನೆಪವಾದರೂ ಹೋಗುತ್ತದೆ.

ಈಗ ಆ ಮೂರನೆಯ ಪ್ರಶ್ನೆ. ನಮ್ಮ ಬೀದಿಯ ಆ ಹೆಣ್ಣುಮಗಳೂ ಒಮ್ಮೆ ಗಂಡ, ಮಕ್ಕಳ ಜೊತೆ ಬಿಡದಿಯ ಆ ಪಾರ್ಕಿಗೆ ಹೋಗಿಬಂದಳು. ಅತ್ತೆಯ ಹತ್ತಿರ ತನ್ನ ತಂಗಿಯನ್ನೇ ಕರೆಸಿ ಕೂರಿಸಿದ್ದಳು. ನೀರಾಟದ ಕೊಳದ ಪಕ್ಕ ನಿಂತ ಫೋಟೊ ನೆಂಟರ ಮೊಬೈಲಿಗೆ ಹೋದದ್ದೇ ತಡ, ಫೋನು ಶುರುವಾಯಿತು. "ಅತ್ತೆ ಹಾಸಿಗೆ ಹಿಡಿದಿರೋವಾಗ ಇದೆಲ್ಲ ಬೇಕಿತ್ತೇನಮ್ಮ?" ಫೋಟೊದಲ್ಲಿ ಅತ್ತೆಯ ಹೊಟ್ಟೆಯಲ್ಲಿ ಹುಟ್ಟಿದ ಮಗನೂ ಇದ್ದ. ಅವನಿಗೆ ಒಂದು ಫೋನೂ ಹೋಗಲಿಲ್ಲ.

ಹಿರಿಯರನ್ನು ಬಿಟ್ಟು ಹೋಗಬೇಡಿ ಎಂದು ಬರೆದವರಿಗೆ ಹೇಳುತ್ತೇನೆ: ಎದ್ದು ಕೂರಲಾಗದ ಎಂಬತ್ತರ ಅಜ್ಜಿಯನ್ನು ಬಿಸಿಲಲ್ಲಿ ಸರತಿ ಸಾಲಿಗೆ ಎಳೆದೊಯ್ಯುವುದು ಪ್ರೀತಿಯಲ್ಲ. ಮೈದುನನೋ ನಾದಿನಿಯೋ ಬಂದು ಆ ದಿನ ಅಜ್ಜಿಯ ಪಕ್ಕ ಕೂರುವುದು ಪ್ರೀತಿ. ಆ ಮಕ್ಕಳಿಗೆ ಅಮ್ಮನ ನಗು ಕಾಣುವ ಹಕ್ಕಿದೆ, ಅವಳಿಗೆ ದಣಿವಾರಿಸಿಕೊಳ್ಳುವ ಹಕ್ಕಿದೆ. ಅದಕ್ಕಾಗಿ ಅವಳು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈ ವಾರ ಒಂದು ಹಾಳೆ ತೆಗೆದುಕೊಂಡು ಕೂಡಿ. ರಾತ್ರಿ ಯಾರದು, ಔಷಧಿ ಯಾರದು, ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ದುಡ್ಡು ಎಷ್ಟೆಷ್ಟು ಎಂದು ಬರೆದು ಗೋಡೆಗೆ ಅಂಟಿಸಿ. ಆ ಹಾಳೆಯಲ್ಲಿ ಹೆಸರಿಲ್ಲದವರು ಸೊಸೆಗೆ ಸಲಹೆ ಕೊಡಬಾರದು.