ಬಿಲ್ಲೆಯಿಲ್ಲದ ಅಧಿಕಾರ

ಪ್ರಜೆಯ ಮೇಲೆ ಕೈಹಾಕುವ ಅಧಿಕಾರಿಯು ತಾನು ಯಾರೆಂಬುದನ್ನು ತೋರಿಸಬೇಕೆ, ಮರೆಮಾಚಬಹುದೆ? ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 2020ರಿಂದ ನಡೆದಿರುವ ದೊಡ್ಡ ವಾದವೊಂದರ ಸಾರವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ. ದೇಶವು ದೂರದ್ದಾದರೂ ಪ್ರಶ್ನೆಯು ದೂರದ್ದಲ್ಲ. ಬೀದಿಯಲ್ಲಿ ನಡೆದಾಡುವ ಗೃಹಸ್ಥರೆಲ್ಲರಿಗೂ ಸಂಬಂಧಪಟ್ಟದ್ದು. ಆದುದರಿಂದ ಈ ತಿಂಗಳು ಅದನ್ನೇ ವಾಚಕರ ಮುಂದಿಡುತ್ತೇನೆ.

2020ನೆಯ ಇಸವಿ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ಮನುಷ್ಯನು ಪೋಲೀಸಿನವನೊಬ್ಬನ ಮೊಣಕಾಲಿನ ಕೆಳಗೆ ಸಿಕ್ಕಿ ಪ್ರಾಣಬಿಟ್ಟನು. ಜನರು ದೇಶದ ಎಲ್ಲೆಡೆಯೂ ಬೀದಿಗಿಳಿದರು. ಜೂನ್ ತಿಂಗಳ ಆರಂಭದಲ್ಲಿ ರಾಜಧಾನಿಯಾದ ವಾಷಿಂಗ್‌ಟನ್ನಿನಲ್ಲಿ ಕಾವಲು ನಿಂತವರ ಪೈಕಿ ಕೆಲವರ ಉಡುಪಿನ ಮೇಲೆ ಹೆಸರಾಗಲಿ ಇಲಾಖೆಯ ಚಿಹ್ನೆಯಾಗಲಿ ಇರಲಿಲ್ಲ. ವಿಚಾರಿಸಲಾಗಿ, ಅವರಲ್ಲಿ ಕೇಂದ್ರ ಸರ್ಕಾರದ ಸೆರೆಮನೆಗಳ ಸಿಬ್ಬಂದಿಯವರೂ ಇದ್ದರೆಂದು ತಿಳಿದುಬಂತು.

ಜುಲೈ ತಿಂಗಳಲ್ಲಿ ಓರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ವಿಷಯವು ಇನ್ನೂ ಬಿಗಡಾಯಿಸಿತು. ಅಲ್ಲಿಯ ಕೇಂದ್ರ ನ್ಯಾಯಾಲಯದ ಕಟ್ಟಡವನ್ನು ಕಾಯುವುದಕ್ಕೆಂದು ಗಡಿಕಾವಲಿನವರೇ ಮೊದಲಾದವರನ್ನು ಕಳುಹಿಸಲಾಗಿತ್ತು. ಜುಲೈ 15ರ ನಡುರಾತ್ರಿ ಕಳೆದ ಮೇಲೆ, ಪ್ರತಿಭಟನೆಯಿಂದ ಮನೆಗೆ ಹೊರಟಿದ್ದ ಯುವಕನೊಬ್ಬನನ್ನು ಸೈನಿಕರ ಉಡುಪಿನವರು ಗುರುತಿಲ್ಲದ ವಾಹನವೊಂದರಲ್ಲಿ ಹಾಕಿಕೊಂಡು ಹೋದರು. ಕೆಲಹೊತ್ತಿನ ಮೇಲೆ ಯಾವ ಮೊಕದ್ದಮೆಯನ್ನೂ ಹೂಡದೆ ಬಿಟ್ಟುಬಿಟ್ಟರು. ಹಿಡಿದವರು ಯಾರೆಂಬುದು ಆ ಹೊತ್ತಿನಲ್ಲಿ ಅವನಿಗೆ ತಿಳಿಯಲಿಲ್ಲ.

ಸರ್ಕಾರದ ಪಕ್ಷವನ್ನೂ ನ್ಯಾಯವಾಗಿ ಹೇಳತಕ್ಕದ್ದು. ತಮ್ಮವರ ಉಡುಪಿನ ಮೇಲೆ ಇಲಾಖೆಯ ಗುರುತಿತ್ತೆಂದೂ, ಹೆಸರು ತಿಳಿದರೆ ದ್ವೇಷಿಗಳು ಅವರ ಮನೆಯ ವಿಳಾಸವನ್ನು ಬಯಲುಮಾಡಿ ಹೆಂಡಿರುಮಕ್ಕಳನ್ನು ಹೆದರಿಸುವರೆಂದೂ ಅದು ಸಮಾಧಾನ ಹೇಳಿತು. ಈ ಭಯವು ಸುಳ್ಳಲ್ಲ. ಪೋಲೀಸಿನವನೂ ಸಂಸಾರಿಯೇ, ಅವನ ಕರ್ತವ್ಯದ ಫಲವನ್ನು ಅವನ ಮಕ್ಕಳು ಉಣ್ಣಬೇಕಾಗಿಲ್ಲ.

ಆದರೆ ಹೆಸರನ್ನು ಮುಚ್ಚುವುದು ಬೇರೆ, ಗುರುತನ್ನೇ ಅಳಿಸುವುದು ಬೇರೆ. 1829ರಲ್ಲಿ ಲಂಡನ್ ನಗರದಲ್ಲಿ ಹೊಸ ಪೋಲೀಸು ಏರ್ಪಟ್ಟಾಗ ಪ್ರತಿಯೊಬ್ಬನ ಕೊರಳಪಟ್ಟಿಯ ಮೇಲೂ ಒಂದೊಂದು ಸಂಖ್ಯೆಯಿತ್ತು. ಸಂಖ್ಯೆಯಿಂದ ಮನೆಯ ವಿಳಾಸ ಯಾರಿಗೂ ಸಿಕ್ಕುವುದಿಲ್ಲ. ಮೇಲಧಿಕಾರಿಗೂ ನ್ಯಾಯಾಧೀಶನಿಗೂ ಮಾತ್ರ ಮನುಷ್ಯನು ಸಿಕ್ಕುತ್ತಾನೆ. ಇಷ್ಟೂ ಇಲ್ಲವಾದರೆ ಎರಡು ಕೇಡುಗಳುಂಟು. ಅನ್ಯಾಯಕ್ಕೆ ಗುರಿಯಾದವನು ಯಾರ ಮೇಲೆ ದೂರು ಕೊಡಬೇಕು? ಮತ್ತು, ಅಂಥದೇ ಉಡುಪನ್ನು ಕೊಂಡು ತೊಟ್ಟ ಕಳ್ಳನಿಗೂ ಇವನಿಗೂ ಭೇದವನ್ನು ತಿಳಿಯುವ ಬಗೆ ಯಾವುದು? ಯಾರೆಂದು ತಿಳಿಯದವನ ಕೈಯಿಂದ ತಪ್ಪಿಸಿಕೊಳ್ಳುವುದು ಮನುಷ್ಯಸ್ವಭಾವ; ಬಂದವನು ಅಧಿಕಾರಿಯೇ ಆಗಿದ್ದರೆ ಅದೇ ಅಪರಾಧ. ಪ್ರಜೆಯನ್ನು ಇಂಥ ಇಕ್ಕಟ್ಟಿನಲ್ಲಿ ನಿಲ್ಲಿಸುವುದು ರಾಜನೀತಿಯಲ್ಲ.

ರಾಮಾಯಣವನ್ನು ಬಲ್ಲವರಿಗೆ ಈ ಸೂಕ್ಷ್ಮವು ಹೊಸದಲ್ಲ. ಸನ್ಯಾಸಿಯ ವೇಷವನ್ನು ನಂಬಿ ಒಮ್ಮೆ ಕೆಟ್ಟಿದ್ದ ಸೀತಾದೇವಿಯು ಅಶೋಕವನದಲ್ಲಿ ಹನುಮಂತನನ್ನು ಕಂಡು, ಇವನೂ ರಾವಣನ ಮಾಯೆಯೋ ಏನೋ ಎಂದು ಶಂಕಿಸಿದಳು. ಹನುಮಂತನು ಅದಕ್ಕೆ ಮುನಿಯಲಿಲ್ಲ. ತಾನು ಯಾರು, ಯಾರ ಕಡೆಯವನು ಎಂಬುದನ್ನು ವಿನಯದಿಂದ ನಿವೇದಿಸಿ, ರಾಮನಾಮಾಂಕಿತವಾದ ಉಂಗುರವನ್ನು ಒಪ್ಪಿಸಿದನು. ಶುಭವಾರ್ತೆ ತಂದ ದೂತನಿಗೇ ಮುದ್ರೆ ಬೇಕಾಯಿತೆಂದ ಮೇಲೆ, ಬೇಡಿ ತಂದವನಿಗೆ ಬೇಡವೆ? ಗುಟ್ಟಾಗಿ ವರ್ತಮಾನ ತಿಳಿಯುವ ಗೂಢಚಾರನಿಗೆ ವೇಷವು ಸಲ್ಲುತ್ತದೆ. ಬಹಿರಂಗವಾಗಿ ದಂಡವನ್ನು ಹಿಡಿದವನಿಗೆ ಸಲ್ಲದು.

ಓರೆಗಾನ್ ರಾಜ್ಯದ ಅಟಾರ್ನಿ ಜನರಲ್ ಹೂಡಿದ ದಾವೆಯಲ್ಲಿ, ಪ್ರಜೆಗಳ ಪರವಾಗಿ ಇಂಥ ತಡೆಯಾಜ್ಞೆಯನ್ನು ಕೇಳಲು ರಾಜ್ಯಕ್ಕೆ ಹಕ್ಕು ಸ್ಥಾಪಿತವಾಗಿಲ್ಲವೆಂದು 2020ರ ಜುಲೈ 24ರಂದು ನ್ಯಾಯಾಧೀಶರು ನಿರಾಕರಿಸಿದರು. ಹಾಗಾದರೆ ನೊಂದವನೇ ಬರಬೇಕು. ಬಂದು ಯಾರ ಹೆಸರನ್ನು ಹೇಳಬೇಕು? ಈ ಕೊರತೆಯನ್ನು ಶಾಸನಸಭೆಯು ಕಂಡಿತು. ಅಧ್ಯಕ್ಷರ ನಿಷೇಧವನ್ನು ಮೀರಿ 2021ರ ಜನವರಿ 1ರಂದು ಜಾರಿಗೆ ಬಂದ ರಕ್ಷಣಾ ಕಾಯಿದೆಯಲ್ಲಿ, ಗಲಭೆಯನ್ನು ಹತೋಟಿಗೆ ತರಲು ಬರುವ ಕೇಂದ್ರ ಸರ್ಕಾರದವರು ತಮ್ಮ ಹೆಸರನ್ನೋ ತಮಗೊಬ್ಬರಿಗೇ ಸೇರಿದ ಬೇರೆ ಗುರುತನ್ನೋ ಇಲಾಖೆಯ ಹೆಸರಿನೊಡನೆ ಕಾಣುವಂತೆ ಧರಿಸಬೇಕೆಂದು ವಿಧಿಸಿತು. ಗುಪ್ತವಾಗಿ ಕೆಲಸಮಾಡುವವರಿಗೆ ವಿನಾಯಿತಿಯುಂಟು. ಆದರೆ ಈ ವಿಧಿಯು ಗಲಭೆಗಳಿಗೆ ಮಾತ್ರ ಅನ್ವಯಿಸತಕ್ಕದ್ದು. 2025ರಲ್ಲಿ ವಲಸೆಗಾರರನ್ನು ಹಿಡಿಯಲು ಮುಖಕ್ಕೆ ಮುಸುಕು ಹಾಕಿಕೊಂಡ ಅಧಿಕಾರಿಗಳು ಬಂದಾಗ ವಾದವು ಮತ್ತೆ ಎದ್ದಿತು. ಆ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಮುಸುಕನ್ನು ನಿರ್ಬಂಧಿಸುವ ಕಾಯಿದೆ ಮಾಡಿತು. ಕೇಂದ್ರ ಸರ್ಕಾರವು ಅದರ ಮೇಲೆ ನ್ಯಾಯಾಲಯಕ್ಕೆ ಹೋಯಿತು.

ನಮ್ಮ ದೇಶದ ವಿಧಿಯನ್ನೂ ಗೃಹಸ್ಥರು ತಿಳಿದಿರುವುದು ಲೇಸು. ದಸ್ತಗಿರಿ ಮಾಡುವ ಪೋಲೀಸಿನವರು ಹೆಸರು ಹುದ್ದೆಗಳನ್ನು ಸ್ಪಷ್ಟವಾಗಿ ಧರಿಸಿರಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಡಿ. ಕೆ. ಬಸು ಮೊಕದ್ದಮೆಯಲ್ಲಿ ಅಪ್ಪಣೆ ಮಾಡಿತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮಿನಲ್ಲಿಯೂ ಹೆಸರಿನ ಗುರುತು ಕಡ್ಡಾಯವಾಗಿದೆ. ಆದುದರಿಂದ, ಬಂದವರನ್ನು ತಾವು ಯಾರೆಂದು ಮರ್ಯಾದೆಯಿಂದ ಕೇಳುವುದು ಉದ್ಧಟತನವಲ್ಲ. ಕಚೇರಿಯ ಜವಾನನ ಎದೆಯ ಮೇಲಿನ ಹಿತ್ತಾಳೆಯ ಬಿಲ್ಲೆಯು ಕೇವಲ ಅಲಂಕಾರವಲ್ಲ; ಇವನು ಮಾಡಿದ್ದಕ್ಕೆ ಉತ್ತರ ಹೇಳುವವರು ಇದ್ದಾರೆ ಎಂಬುದಕ್ಕೆ ಸರ್ಕಾರವು ಪ್ರಜೆಗೆ ಕೊಟ್ಟ ರಸೀತಿ. ರಸೀತಿಯನ್ನು ಕೇಳುವುದಕ್ಕೆ ಯಾರೂ ನಾಚಬೇಕಾಗಿಲ್ಲ.